ಕಾಲುಸಂಕ ಕೇಳಲು ಶಾಸಕರ ಮನೆಗೆ ಯಾಕೆ ಹೋಗಬೇಕು?

ಕುಮಟಾದಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ಘಟ್ಟ ಹತ್ತುವ ಮೊದಲು ಸಿಗುವ ಒಂದು ತಿರುವಿನಲ್ಲಿ ಕಳೆದ ಆಷಾಢದಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದೆ. ತಂಗುದಾಣಕ್ಕೆ ಮೂರು ಗೋಡೆ, ಒಂದು ತಗಡಿನ ಸೂರು, ಒಂದು ಫಲಕ. ಸೂರು ಎರಡು ಕಡೆ ಸೋರುತ್ತಿತ್ತು. ಕೂರುವ ಕಟ್ಟೆಯ ಮೇಲೆ ಒಣಗಿದ್ದ ಒಂದೇ ಜಾಗವನ್ನು ನಾಯಿಯೊಂದು ಆಗಲೇ ಹಿಡಿದಿತ್ತು. ಫಲಕ ಮಾತ್ರ ಗಟ್ಟಿಮುಟ್ಟು: ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರ. ಜನಪ್ರತಿನಿಧಿಯ ಹೆಸರು ಗೇಣುದ್ದ, ಊರಿನ ಹೆಸರು ಬೆರಳುದ್ದ. ಖರ್ಚಾದ ಮೊತ್ತವನ್ನು ಓದಲು ಕನ್ನಡಕ ಬೇಕಿತ್ತು.

ಪಕ್ಕದಲ್ಲಿ ನಿಂತಿದ್ದ ಹಿರಿಯರು, “ಇದು ನಮ್ಮ ಸಾಹೇಬರು ತಂದುಕೊಟ್ಟದ್ದು” ಎಂದರು. ದೂರಿನ ದನಿಯಲ್ಲ, ಕೃತಜ್ಞತೆಯ ದನಿ. ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ ‘ತಂದುಕೊಟ್ಟರು’ ಎಂಬ ಕ್ರಿಯಾಪದ. ಅನುದಾನ ತಂದರು, ರಸ್ತೆ ತಂದರು, ಸೇತುವೆ ತಂದರು. ಎಲ್ಲಿಂದ ತಂದರು? ಅವರ ಮನೆಯ ಕಣಜದಿಂದಂತೂ ಅಲ್ಲ. ನಾವು ಬೆಂಕಿಪೊಟ್ಟಣಕ್ಕೂ ಡೀಸೆಲ್ಲಿಗೂ ಕೊಟ್ಟ ತೆರಿಗೆ ಬೆಂಗಳೂರಿಗೋ ದೆಹಲಿಗೋ ಹೋಗಿ, ಅಲ್ಲಿಂದ ತಿರುಗಿ ಬರುವಾಗ ಯಾರದ್ದೋ ಹೆಸರು ಹೊತ್ತುಕೊಂಡು ಬರುತ್ತದೆ. ಆ ನಡುವಿನ ದಾರಿ ಹೇಗಿದೆ, ಅದನ್ನು ಸರಿಪಡಿಸುತ್ತೇವೆ ಎಂದವರೆಲ್ಲ ಏನು ಮಾಡಿದರು ಎಂಬುದನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಮೊದಲು ಸಣ್ಣ ಚೀಲದಿಂದ ಆರಂಭಿಸೋಣ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನು ಪಿ.ವಿ. ನರಸಿಂಹರಾವ್ ಪ್ರಧಾನಿಯಾಗಿದ್ದಾಗ, 1993ರ ಡಿಸೆಂಬರ್ 23ರಂದು ಘೋಷಿಸಲಾಯಿತು. ಮೊದಲ ವರ್ಷ ಪ್ರತಿ ಸಂಸದರಿಗೆ 5 ಲಕ್ಷ ರೂಪಾಯಿ, ಮರುವರ್ಷವೇ 1 ಕೋಟಿ, 1998–99ರಿಂದ 2 ಕೋಟಿ, 2011–12ರಿಂದ 5 ಕೋಟಿ. ಕೋವಿಡ್ ಬಂದಾಗ 2020ರ ಏಪ್ರಿಲ್‌ನಲ್ಲಿ ಇದನ್ನು ತಡೆಹಿಡಿದರು, ಮರುವರ್ಷ ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ರಾಜ್ಯದಲ್ಲಿ ಇದರ ತಮ್ಮನಂತೆ ಶಾಸಕರ ನಿಧಿ ಇದೆ. ವಿಧಾನಸಭೆಯ 224 ಸದಸ್ಯರು, ವಿಧಾನ ಪರಿಷತ್ತಿನ 75 ಸದಸ್ಯರು, ಒಬ್ಬೊಬ್ಬರಿಗೆ ವರ್ಷಕ್ಕೆ 2 ಕೋಟಿಯ ಲೆಕ್ಕ.

ನಿಯಮದ ಪ್ರಕಾರ ಈ ಹಣದಲ್ಲಿ ಒಂದು ರೂಪಾಯಿಯೂ ಸಂಸದರ ಕೈಗೆ ಬರುವುದಿಲ್ಲ. ಇಡೀ ಯೋಜನೆ ನಿಂತಿರುವುದು ‘ಶಿಫಾರಸು’ ಎಂಬ ಒಂದು ಶಬ್ದದ ಮೇಲೆ. ಸಂಸದರು ಇಂಥ ಊರಿನಲ್ಲಿ ಇಂಥ ಕೆಲಸ ಆಗಲಿ ಎಂದು ಶಿಫಾರಸು ಮಾಡುತ್ತಾರೆ. ಜಿಲ್ಲಾಡಳಿತ ಅದು ನಿಯಮಕ್ಕೆ ಒಪ್ಪುತ್ತದೆಯೇ ಎಂದು ನೋಡಿ ಮಂಜೂರಾತಿ ಕೊಡುತ್ತದೆ. ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ. ಕೆಲಸ ಲೋಕೋಪಯೋಗಿ ಇಲಾಖೆಗೋ ಪಂಚಾಯತ್‌ರಾಜ್ ಎಂಜಿನಿಯರಿಂಗ್ ವಿಭಾಗಕ್ಕೋ ನಿರ್ಮಿತಿ ಕೇಂದ್ರಕ್ಕೋ ಹೋಗುತ್ತದೆ. ಇಲ್ಲವೇ ಹಳಬರು ಇಂದಿಗೂ ‘ಲ್ಯಾಂಡ್ ಆರ್ಮಿ’ ಎಂದೇ ಕರೆಯುವ, ರಾಜ್ಯ ಸರಕಾರದ ಗ್ರಾಮೀಣ ಮೂಲಸೌಕರ್ಯ ನಿಗಮವಾದ ಕೆಆರ್‌ಐಡಿಎಲ್‌ಗೆ. ಪೂಜಾಸ್ಥಳಗಳಿಗೆ ಹಣ ಕೊಡುವಂತಿಲ್ಲ, ಖಾಸಗಿ ಆಸ್ತಿಗೆ ಕೊಡುವಂತಿಲ್ಲ. ದೇವಸ್ಥಾನದ ಪಕ್ಕದಲ್ಲೇ ಸಮುದಾಯ ಭವನಗಳು ಯಾಕೆ ಏಳುತ್ತವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಮೊತ್ತದಲ್ಲಿ ಶೇ 15 ಪರಿಶಿಷ್ಟ ಜಾತಿಯವರು ಇರುವ ಪ್ರದೇಶಕ್ಕೆ, ಶೇ 7.5 ಪರಿಶಿಷ್ಟ ಪಂಗಡದವರು ಇರುವ ಪ್ರದೇಶಕ್ಕೆ ಹೋಗಬೇಕು. ಅಂದ ಹಾಗೆ, ಆ ಫಲಕ ಯಾರದ್ದೋ ಅಹಂಕಾರದ ಕೂಸಲ್ಲ. ಕಾಮಗಾರಿಯ ಜಾಗದಲ್ಲಿ ಶಾಶ್ವತ ಫಲಕ ಹಾಕಿ, ಅದರಲ್ಲಿ ವೆಚ್ಚ, ದಿನಾಂಕ ಮತ್ತು ಸಂಸದರ ಹೆಸರು ಇರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮಾತ್ರ ಆಯಾ ಊರಿನ ಭಕ್ತಿ ನಿರ್ಧರಿಸುತ್ತದೆ.

ಸಂಸದರು ಕಾನೂನು ಮಾಡುವವರು, ಸರಕಾರದ ಖರ್ಚನ್ನು ಪ್ರಶ್ನಿಸುವವರು. ಅವರೇ ಖರ್ಚು ಮಾಡಲು ನಿಂತರೆ ಪ್ರಶ್ನೆ ಕೇಳುವವರು ಯಾರು? ಈ ವಾದ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 2010ರ ಮೇ ತಿಂಗಳಲ್ಲಿ, ಭೀಮ್ ಸಿಂಗ್ ಪ್ರಕರಣದಲ್ಲಿ, ಪೀಠ ಯೋಜನೆಯನ್ನು ಎತ್ತಿಹಿಡಿಯಿತು. ಸಂಸದರದ್ದು ಬರೀ ಶಿಫಾರಸು, ಜಾರಿ ಮಾಡುವುದು ಜಿಲ್ಲಾಡಳಿತ, ಹಾಗಾಗಿ ಅಧಿಕಾರ ವಿಭಜನೆಗೆ ಧಕ್ಕೆಯಿಲ್ಲ ಎಂಬುದು ತೀರ್ಪಿನ ತಿರುಳು. ಮೂರು ವರ್ಷದ ನಂತರ ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ ತಮ್ಮ ಸಂಸದರ ಇಂಥದ್ದೇ ನಿಧಿಯನ್ನು ಸಂವಿಧಾನಬಾಹಿರ ಎಂದು ಹೊಡೆದುಹಾಕಿತು. ಕಾಗದದ ಮೇಲೆ ನಮ್ಮ ಕೋರ್ಟ್ ಹೇಳಿದ್ದು ಸರಿಯೇ. ಆದರೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಗೊತ್ತು, ಜನಪ್ರತಿನಿಧಿಯ ಶಿಫಾರಸು ಎಂಬುದು ಮಾವ ಅಳಿಯನಿಗೆ ಕೊಡುವ ಸಲಹೆಯಂತೆ: ತೆಗೆದುಕೊಳ್ಳದೆ ಇರುವ ಸ್ವಾತಂತ್ರ್ಯ ಅಳಿಯನಿಗೆ ಖಂಡಿತ ಇದೆ.

ಈಗ ನಮ್ಮ ಜಿಲ್ಲೆಯ ಲೆಕ್ಕ ಹಾಕೋಣ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಹಳಿಯಾಳ ಜಿಲ್ಲೆಯವು. ಖಾನಾಪುರ, ಕಿತ್ತೂರು ಬೆಳಗಾವಿಯವು. ಸಂಸದರ 5 ಕೋಟಿಯನ್ನು ಸಮವಾಗಿ ಹಂಚಿದರೆ ಒಂದು ಕ್ಷೇತ್ರಕ್ಕೆ ವರ್ಷಕ್ಕೆ 62.5 ಲಕ್ಷ. ಅದರ ಮೇಲೆ ಶಾಸಕರ 2 ಕೋಟಿ. ಜಿಲ್ಲೆಯ ಆರು ಶಾಸಕರದ್ದು ಸೇರಿದರೆ 12 ಕೋಟಿ. ಜಿಲ್ಲೆಯ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಕಾಡು. 2011ರ ಜನಗಣತಿಯಂತೆ ಜನ 14 ಲಕ್ಷ ಚಿಲ್ಲರೆ. ಇಷ್ಟು ಜಾಗಕ್ಕೆ ಈ ಹಣ ಸಾರಿಗೆ ಉಪ್ಪಿನಷ್ಟು.

ಕಡಿಮೆ ಹಣವಾದರೆ ಎಚ್ಚರದಿಂದ ಒಂದೆರಡು ದೊಡ್ಡ ಕೆಲಸಕ್ಕೆ ಹಾಕಬೇಕು ಎಂದು ಮನೆ ನಡೆಸುವವರು ಯೋಚಿಸುತ್ತಾರೆ. ಚುನಾವಣೆ ನಡೆಸುವವರ ಲೆಕ್ಕ ಬೇರೆ. 2 ಕೋಟಿಯನ್ನು ಐದೈದು ಲಕ್ಷವಾಗಿ ಒಡೆದರೆ ನಲವತ್ತು ಕೆಲಸ. ನಲವತ್ತು ಕೆಲಸವೆಂದರೆ ನಲವತ್ತು ಗುದ್ದಲಿ ಪೂಜೆ, ನಲವತ್ತು ಫಲಕ, ನಲವತ್ತು ಕೇರಿಗಳಲ್ಲಿ ಶಾಲು-ಹಾರ. ಒಂದು ಕೇರಿಗೆ ಹೈಮಾಸ್ಟ್ ದೀಪ, ಇನ್ನೊಂದಕ್ಕೆ ರಂಗಮಂದಿರ, ಮತ್ತೊಂದಕ್ಕೆ ನೂರು ಮೀಟರ್ ಕಾಂಕ್ರೀಟ್ ರಸ್ತೆ. ಆ ರಸ್ತೆ ನೂರನೆಯ ಮೀಟರಿಗೆ ಯಾಕೆ ನಿಂತಿತು ಎಂದು ಕೇಳಬೇಡಿ, ಹಣ ಮುಗಿದದ್ದು ಅಲ್ಲಿಗೆ. ದುರಸ್ತಿ ಮತ್ತು ನಿರ್ವಹಣೆ ಬಹುಕಾಲ ಸಂಸದರ ನಿಧಿಯ ನಿಷಿದ್ಧ ಪಟ್ಟಿಯಲ್ಲೇ ಇತ್ತು. ಕಟ್ಟುವುದು ಒಬ್ಬರು, ಕಾಯುವುದು ಇನ್ನೊಬ್ಬರು. ದೀಪದ ಕಂಬ ನಿಲ್ಲಿಸಿದವರ ಹೆಸರು ಕಲ್ಲಿನ ಮೇಲೆ, ತಿಂಗಳ ಕರೆಂಟ್ ಬಿಲ್ಲು ಗ್ರಾಮ ಪಂಚಾಯಿತಿಯ ತಲೆಯ ಮೇಲೆ. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುವ ಗಾದೆಗೆ ಇಲ್ಲಿ ಒಂದು ತಿದ್ದುಪಡಿ ಬೇಕು: ಜಾತ್ರೆಯ ಮರುದಿನ ಗುಡಿಸುವ ಕೂಲಿಯೂ ಬೇರೆಯವರದ್ದೇ.

ಇಷ್ಟಾದರೂ ಇದು ಸಣ್ಣ ಚೀಲ. ಇದಕ್ಕೆ ಸೂತ್ರವಿದೆ: ಆಡಳಿತ ಪಕ್ಷದವರಿಗೂ ವಿರೋಧ ಪಕ್ಷದವರಿಗೂ ಒಂದೇ ಮೊತ್ತ, ಲೆಕ್ಕವೂ ಒಂದು ಮಟ್ಟಿಗೆ ಸಿಗುತ್ತದೆ. 2023ರ ಹೊಸ ಮಾರ್ಗಸೂಚಿಯ ನಂತರ ಸಂಸದರ ನಿಧಿಯ ಶಿಫಾರಸಿನಿಂದ ಪಾವತಿಯವರೆಗಿನ ಕೆಲಸ ‘ಇ-ಸಾಕ್ಷಿ’ ಎಂಬ ಜಾಲತಾಣದ ಮೂಲಕ ನಡೆಯುತ್ತದೆ. ದೊಡ್ಡ ಚೀಲದ ಹೆಸರು ‘ವಿಶೇಷ ಅನುದಾನ’.

ಬಜೆಟ್‌ನಲ್ಲಿ ಯಾವುದೋ ಶೀರ್ಷಿಕೆಯಡಿ ಒಂದು ದೊಡ್ಡ ಮೊತ್ತ ಇಡುವುದು, ಅದನ್ನು ಕ್ಷೇತ್ರವಾರು ಹಂಚುವುದು. ಯಾವ ಕ್ಷೇತ್ರಕ್ಕೆ ಎಷ್ಟು ಎಂಬುದಕ್ಕೆ ಮಳೆಯ ಪ್ರಮಾಣವೋ ಹಿಂದುಳಿದಿರುವಿಕೆಯೋ ಮಾನದಂಡವಾಗಬೇಕಿಲ್ಲ. ಮುಖ್ಯಮಂತ್ರಿಗೆ ಯಾರ ಬೆಂಬಲ ಎಷ್ಟು ಬೇಕು ಎಂಬುದೇ ಮಾನದಂಡವಾಗಬಹುದು. ‘ಅನುದಾನದಲ್ಲಿ ತಾರತಮ್ಯ’ ಎಂಬ ತಲೆಬರಹವನ್ನು ನಮ್ಮ ಪತ್ರಿಕೆಗಳು ಪ್ರತಿ ಸರಕಾರದಲ್ಲೂ ಅಚ್ಚು ಹಾಕಿವೆ, ಹೇಳುವ ಪಕ್ಷ ಮಾತ್ರ ಬದಲಾಗುತ್ತದೆ. 2023ರಲ್ಲಿ ಗ್ಯಾರಂಟಿ ಯೋಜನೆಗಳಿಗೆ ಹಣ ಹೊಂದಿಸುವ ಹೊತ್ತಿನಲ್ಲಿ, ಕ್ಷೇತ್ರದ ಕೆಲಸಕ್ಕೆ ಕಾಸಿಲ್ಲ ಎಂದು ಗೊಣಗಿದವರು ಆಡಳಿತ ಪಕ್ಷದ ಶಾಸಕರೇ. 2025ರ ಮಾರ್ಚ್ ಬಜೆಟ್‌ನಲ್ಲಿ ವಿಧಾನಸಭಾ ಕ್ಷೇತ್ರಗಳ ಮೂಲಸೌಕರ್ಯಕ್ಕೆಂದು ಮುಖ್ಯಮಂತ್ರಿಗಳ ಹೆಸರಿನ ಕಾರ್ಯಕ್ರಮವೊಂದು 8,000 ಕೋಟಿ ರೂಪಾಯಿಯೊಂದಿಗೆ ಬಂತು. 224ರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 36 ಕೋಟಿ. ಶಾಸಕರ ನಿಧಿಯ 2 ಕೋಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಯಾವ ಚೀಲದ ಕಡೆ ಕಣ್ಣಿಡಬೇಕು ಎಂಬುದು ತಿಳಿಯುತ್ತದೆ.

ದೊಡ್ಡ ಚೀಲದ ಇನ್ನೊಂದು ತೂತು ಟೆಂಡರ್ ಕಡೆಗಿದೆ. ಸಾರ್ವಜನಿಕ ಕಾಮಗಾರಿಗೆ ಟೆಂಡರ್ ಕರೆಯಬೇಕೆಂದು 1999ರಲ್ಲಿ ರಾಜ್ಯವೇ ಪಾರದರ್ಶಕ ಕಾಯಿದೆ ಮಾಡಿಕೊಂಡಿದೆ. ಅದರಲ್ಲೇ 4(ಜಿ) ಎಂಬ ವಿನಾಯಿತಿಯೂ ಇದೆ: ಸರಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ಕೆಲಸ ವಹಿಸಬಹುದು. ನೆರೆ, ಭೂಕುಸಿತದಂಥ ಹೊತ್ತಿನಲ್ಲಿ ಇಂಥ ಕಿಂಡಿ ಬೇಕೇ ಬೇಕು, ನಮ್ಮ ಜಿಲ್ಲೆಯವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಬೇಸರವೆಂದರೆ ತುರ್ತಿನ ಕಿಂಡಿ ಎಲ್ಲ ಋತುವಿನಲ್ಲೂ ತೆರೆದೇ ಇರುವುದು.

ಇಂಥ ಖರ್ಚಿಗೆ ಅಮೆರಿಕದವರು ‘ಹಂದಿಮಾಂಸದ ಪೀಪಾಯಿ’ ಎಂಬ ಹೆಸರಿಟ್ಟಿದ್ದಾರೆ. ಉಪ್ಪು ಹಾಕಿದ ಮಾಂಸದ ಪೀಪಾಯಿ ಒಡೆದಾಗ ತಮ್ಮ ಪಾಲಿಗಾಗಿ ಮುಗಿಬೀಳುವವರ ಚಿತ್ರ ಅದರ ಹಿಂದಿದೆ. ಅವರ ಕಥೆಯನ್ನು ತುಸು ವಿವರವಾಗಿ ಹೇಳುತ್ತೇನೆ, ಸುಧಾರಣೆ ಹೇಗೆ ಹಳ್ಳ ಹಿಡಿಯುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅಲಾಸ್ಕಾದಲ್ಲಿ ಕೆಚಿಕಾನ್ ಎಂಬ ಎಂಟು ಸಾವಿರ ಜನರ ಕಡಲತಡಿಯ ಊರು. ಎದುರಿನ ಗ್ರವೀನಾ ದ್ವೀಪದಲ್ಲಿ ಒಂದು ವಿಮಾನ ನಿಲ್ದಾಣ, ಸುಮಾರು ಐವತ್ತು ಜನರ ವಾಸ. ನಮ್ಮ ತದಡಿ–ಅಘನಾಶಿನಿಯ ಬಾರ್ಜಿನ ಹಾಗೆ ಅಲ್ಲಿಯೂ ದೋಣಿಯ ಸಂಚಾರ ಇತ್ತು. 2005ರ ಹೆದ್ದಾರಿ ಕಾಯಿದೆಯಲ್ಲಿ ಆ ದ್ವೀಪಕ್ಕೆ ಸೇತುವೆ ಕಟ್ಟಲು 22 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅಲ್ಲಿನ ಪ್ರತಿನಿಧಿಗಳು ಸೇರಿಸಿದರು. ‘ಎಲ್ಲಿಗೂ ಹೋಗದ ಸೇತುವೆ’ ಎಂದು ದೇಶವೇ ನಕ್ಕಿತು. ಗದ್ದಲ ಜೋರಾದಾಗ ಸಂಸತ್ತು ಏನು ಮಾಡಿತು ಗೊತ್ತೇ? ಹಣವನ್ನು ಸೇತುವೆಗೇ ಖರ್ಚು ಮಾಡಬೇಕೆಂಬ ಸಾಲನ್ನು ಹೊಡೆದುಹಾಕಿತು, ಹಣವನ್ನು ಅಲಾಸ್ಕಾ ರಾಜ್ಯದ ಬಳಿಯೇ ಬಿಟ್ಟಿತು. ಚೀಟಿ ಹರಿಯಿತು, ಪೊಟ್ಟಣ ಹಾಗೇ ಉಳಿಯಿತು. 2007ರಲ್ಲಿ ಸೇತುವೆಯ ಯೋಜನೆ ರದ್ದಾದರೂ ದ್ವೀಪದ ಮೇಲೆ ಅದಕ್ಕೆ ಸೇರಬೇಕಿದ್ದ ರಸ್ತೆಯನ್ನು ಕಟ್ಟಿ ಮುಗಿಸಿದರು. ಬಾರದ ಸೇತುವೆಗಾಗಿ ಕಾಯುವ ರಸ್ತೆ!

ಆಮೇಲೆ 2011ರಲ್ಲಿ ಇಂಥ ಹೆಸರು ಹಿಡಿದ ಅನುದಾನಗಳನ್ನೇ ನಿಲ್ಲಿಸಿದರು. ಹತ್ತು ವರ್ಷ ನಿಷೇಧ ಇತ್ತು. ಆ ಹತ್ತು ವರ್ಷ ಪ್ರತಿನಿಧಿಗಳು ಸುಮ್ಮನೆ ಕೂತರೇ? ಕಾಯಿದೆಯಲ್ಲಿ ಬರೆಯುವ ಬದಲು ಇಲಾಖೆಗಳಿಗೆ ಪತ್ರ ಬರೆದರು, ಫೋನ್ ಮಾಡಿದರು. ಮೊದಲು ಕಾಯಿದೆಯ ಹಾಳೆಯಲ್ಲಾದರೂ ಕಾಣುತ್ತಿದ್ದದ್ದು ಈಗ ಕಾಣದಾಯಿತು. 2021ರಲ್ಲಿ ಅದು ‘ಸಮುದಾಯ ಯೋಜನೆಗಳ ಅನುದಾನ’ ಎಂಬ ಸಭ್ಯ ಹೆಸರಿನಲ್ಲಿ ಮರಳಿತು. ಈ ಸಲ ಕೆಲವು ಷರತ್ತುಗಳಿವೆ: ಪ್ರತಿ ಬೇಡಿಕೆಯನ್ನೂ ಜನರ ಮುಂದೆ ಪ್ರಕಟಿಸಬೇಕು, ತನಗೂ ಕುಟುಂಬಕ್ಕೂ ಅದರಲ್ಲಿ ಹಣದ ಹಿತಾಸಕ್ತಿ ಇಲ್ಲವೆಂದು ಬರೆದುಕೊಡಬೇಕು, ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಕೊಡುವಂತಿಲ್ಲ. ಮುಚ್ಚಿದ ನಿಷೇಧಕ್ಕಿಂತ ತೆರೆದ ಹಂಚಿಕೆಯೇ ಮೇಲು ಎಂದು ನನ್ನ ಅಭಿಪ್ರಾಯ, ನಿಮ್ಮದು ಬೇರೆಯಿದ್ದರೆ ಜಗಳವಿಲ್ಲ.

ನಮ್ಮಲ್ಲಿಯೂ ಇದೇ ನಾಟಕ ಬೇರೆ ವೇಷದಲ್ಲಿ ನಡೆದಿದೆ. ಬಿಹಾರದಲ್ಲಿ 2010ರ ಚುನಾವಣೆ ಗೆದ್ದ ನಿತೀಶ್ ಕುಮಾರ್ ಶಾಸಕರ ನಿಧಿಯನ್ನೇ ರದ್ದು ಮಾಡಿ ಶಹಬ್ಬಾಸ್ ಎನಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಶಾಸಕರು ಕೆಲಸಗಳನ್ನು ಸೂಚಿಸುವ ‘ಮುಖ್ಯಮಂತ್ರಿ ಕ್ಷೇತ್ರ ವಿಕಾಸ ಯೋಜನೆ’ ಅದರ ಜಾಗದಲ್ಲಿ ಕೂತಿತ್ತು. ಕೇಂದ್ರದಲ್ಲಿ 2002ರಲ್ಲಿ ಸಂವಿಧಾನ ಪರಾಮರ್ಶೆ ಆಯೋಗ ಸಂಸದರ ನಿಧಿಯನ್ನು ನಿಲ್ಲಿಸಿ ಎಂದಿತು. 2007ರಲ್ಲಿ ಎರಡನೇ ಆಡಳಿತ ಸುಧಾರಣಾ ಆಯೋಗ ಇನ್ನೂ ಖಡಕ್ಕಾಗಿ, ಸಂಸದರದ್ದನ್ನೂ ಶಾಸಕರದ್ದನ್ನೂ ಎರಡನ್ನೂ ರದ್ದುಮಾಡಿ ಎಂದು ಬರೆಯಿತು. ಆ ಆಯೋಗದ ಅಧ್ಯಕ್ಷರು ಕಾರ್ಕಳದಿಂದ ಶಾಸಕರಾಗಿ ಮುಖ್ಯಮಂತ್ರಿಯಾಗಿದ್ದ ವೀರಪ್ಪ ಮೊಯಿಲಿ. ನಾಲ್ಕು ವರ್ಷದ ನಂತರ ನಿಧಿ 2 ಕೋಟಿಯಿಂದ 5 ಕೋಟಿಗೆ ಏರಿದಾಗ ಮೊಯಿಲಿಯವರು ಅದೇ ಕೇಂದ್ರ ಸಂಪುಟದಲ್ಲಿ ಸಚಿವರು. ವರದಿ ಬರೆಸಿಕೊಂಡ ಸರಕಾರವೂ ಅದೇ ಪ್ರಧಾನಿಯದ್ದು, ಏರಿಸಿದ ಸರಕಾರವೂ ಅದೇ ಪ್ರಧಾನಿಯದ್ದು. ಇದನ್ನು ವ್ಯಂಗ್ಯ ಎನ್ನುವುದಕ್ಕಿಂತ, ಒಬ್ಬ ವ್ಯಕ್ತಿಯ ಒಳ್ಳೆಯ ವಿಚಾರಕ್ಕೂ ಏಳುನೂರು ಚಿಲ್ಲರೆ ಸಂಸದರ ಅನುಕೂಲಕ್ಕೂ ತೂಕದ ವ್ಯತ್ಯಾಸ ಎನ್ನುವುದು ನ್ಯಾಯ.

ಈ ಎಲ್ಲ ಆಣೆ ಭಾಷೆ ಯಾಕೆ ಮುರಿಯುತ್ತವೆ? ಜನಪ್ರತಿನಿಧಿಗಳ ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಅದು ಸಾಲದು ಎನಿಸುತ್ತದೆ. ಮಳೆಗಾಲದ ನಮ್ಮ ಹಳ್ಳಿಯನ್ನು ನೋಡಿ. ಮಜರೆಯಿಂದ ಶಾಲೆಗೆ ಹೋಗಲು ಮಕ್ಕಳು ಹಳ್ಳ ದಾಟಬೇಕು. ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ. ನಾಲ್ಕು ಲಕ್ಷವೋ ಎಂಟು ಲಕ್ಷವೋ ಇದ್ದರೆ ಕಾಂಕ್ರೀಟಿನ ಕಾಲುಸಂಕ ಆಗುತ್ತದೆ. ಗ್ರಾಮ ಪಂಚಾಯಿತಿಗೆ ಹೋದರೆ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು ಎನ್ನುತ್ತಾರೆ. ಉಳಿದದ್ದರಲ್ಲಿ ಹತ್ತಾರು ಮಜರೆ, ಹತ್ತಾರು ಹಳ್ಳ. ಘಟ್ಟದ ಪಂಚಾಯಿತಿಗಳಲ್ಲಿ ತಲೆ ಕಡಿಮೆ, ಹಳ್ಳ ಜಾಸ್ತಿ. ಆಗ ಊರವರು ಜೀಪು ಮಾಡಿಕೊಂಡು ಹೋಗುವುದು ಶಾಸಕರ ಮನೆಗೆ. ಅಲ್ಲಿ ಚಹಾ ಸಿಗುತ್ತದೆ, ಭರವಸೆ ಸಿಗುತ್ತದೆ, ಕೆಲವು ಸಲ ಸಂಕವೂ ಸಿಗುತ್ತದೆ. ಈ ವ್ಯವಸ್ಥೆಯಲ್ಲಿ ನಿಧಿ ರದ್ದು ಮಾಡಿ ಎಂದು ಯಾವ ಮಜರೆಯವರು ಕೇಳುತ್ತಾರೆ? ನಾನಂತೂ ಕೇಳಲಾರೆ.

ಇಲ್ಲಿಗೆ ಬಂದಾಗ 1993ನೇ ಇಸವಿ ನೆನಪಾಗುತ್ತದೆ. ಹಳ್ಳಿಯ ಕೆಲಸ ಹಳ್ಳಿಯೇ ನಿರ್ಧರಿಸಲಿ ಎಂಬ 73ನೇ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು ಆ ವರ್ಷದ ಏಪ್ರಿಲ್ 24ರಂದು. ಕರ್ನಾಟಕದ ಪಂಚಾಯತ್‌ರಾಜ್ ಅಧಿನಿಯಮ ಮೇ ತಿಂಗಳಲ್ಲಿ ಜಾರಿಯಾಯಿತು, ಆಗ ಮುಖ್ಯಮಂತ್ರಿ ಇದೇ ಮೊಯಿಲಿ. ಎಂಟು ತಿಂಗಳು ಕಳೆಯುವುದರೊಳಗೆ, ಡಿಸೆಂಬರ್‌ನಲ್ಲಿ, ಸಂಸದರ ನಿಧಿ ಬಂತು. ಒಂದು ಕೈಯಲ್ಲಿ ಹಳ್ಳಿಗೆ ಬೀಗದ ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಅದರ ನಕಲನ್ನು ಸಂಸದರಿಗೆ ಕೊಟ್ಟಂತೆ. ಅದಕ್ಕೂ ಹಿಂದೆ, ನಮ್ಮ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ತಮ್ಮ ಸಂಪುಟದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರ ಜೊತೆ ಸೇರಿ ತಂದ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. 1987ರಲ್ಲಿ ಅದಕ್ಕೆ ಚುನಾವಣೆ ನಡೆದಾಗ ಶಾಸಕರಿಗೆ ಕಸಿವಿಸಿಯಾದದ್ದು ಸಹಜ. ತಮ್ಮ ಅಂಗಳದಲ್ಲೇ ಇನ್ನೊಬ್ಬ ಯಜಮಾನ ಎದ್ದಿದ್ದ.

ಆ ಯಜಮಾನನ ಗತಿ ಈಗ ಏನಾಗಿದೆ? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. ಗ್ರಾಮ ಪಂಚಾಯಿತಿಗೂ ಶಾಸಕರಿಗೂ ನಡುವೆ ಜನ ಆರಿಸಿದವರು ಯಾರೂ ಇಲ್ಲದ ಆ ಬಯಲಿನಲ್ಲಿ ಶಾಸಕರು ತಾವಾಗಿಯೇ ಎತ್ತರ ಕಾಣುತ್ತಾರೆ. ಹೀಗಾಗಿ ಪಂಚಾಯಿತಿ ಸದಸ್ಯರು ಮಾಡಬೇಕಾದ ಕೆಲಸವನ್ನು ಶಾಸಕರು ಮಾಡುತ್ತಾರೆ, ಶಾಸಕರು ಮಾಡಬೇಕಾದ ಕೆಲಸ ಹಾಗೇ ಉಳಿಯುತ್ತದೆ.

ಉಳಿದ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ಹೆಸರಿದೆ: ಆಸ್ಪತ್ರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಕುಂದಾಪುರದ ಕಡೆಗೆ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. (ಭೂಕುಸಿತದ ಅಂಕೋಲಾ ಶಿರೂರಲ್ಲ, ಅದು ಇನ್ನೊಂದು ನೋವು.) ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಈ ಅವಸ್ಥೆಗೆ ಕೊನೆ ಯಾವಾಗ ಎಂದು ಆ ತಿಂಗಳು ಜಿಲ್ಲೆಯೇ ಬೀದಿಗಿಳಿದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೇಳಿತು. ಭರವಸೆ ಆಗಿನ ಸರಕಾರದಿಂದಲೂ ಬಂತು, ಮುಂದಿನದರಿಂದಲೂ ಬಂತು. ಇಂಥ ಆಸ್ಪತ್ರೆಯನ್ನು ಐದೈದು ಲಕ್ಷದ ತುಂಡುಗಳಲ್ಲಿ ಕಟ್ಟಲಾಗದು. ಅದಕ್ಕೆ ಆರು ಶಾಸಕರೂ ಪಕ್ಷ ಬಿಟ್ಟು ಒಟ್ಟಾಗಿ ಬಜೆಟ್ ಚರ್ಚೆಯಲ್ಲಿ ಹಟ ಹಿಡಿದು ಕೂರಬೇಕು. ಅದರಲ್ಲಿ ಒಬ್ಬರ ಹೆಸರಿನ ಫಲಕ ಇರಲಾರದು, ಇದ್ದರೂ ಆರರಲ್ಲಿ ಒಂದು ಪಾಲು.

ನಿಮ್ಮ ಊರಿನ ಲೆಕ್ಕ ನೋಡಬೇಕೆನಿಸಿದರೆ ದಾರಿ ಇದೆ. ಸಂಸದರ ನಿಧಿಯ ಕಾಮಗಾರಿ ಪಟ್ಟಿ ಜಾಲತಾಣದಲ್ಲಿ ಸಿಗುತ್ತದೆ. ಶಾಸಕರ ನಿಧಿಯ ಕ್ರಿಯಾಯೋಜನೆಯನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ವಿಶೇಷ ಅನುದಾನದ್ದು ಬೇರೆ ಬೇರೆ ಇಲಾಖೆಯಲ್ಲಿ ಚದುರಿರುತ್ತದೆ, ಅದಕ್ಕೆ ತಾಳ್ಮೆ ಬೇಕು. ಯಾವ ಲೆಕ್ಕ ಶೀರ್ಷಿಕೆ, ಯಾವ ಏಜೆನ್ಸಿ, ಟೆಂಡರ್ ಆಗಿತ್ತೇ ಎಂದು ಕೇಳುವುದನ್ನು ಮರೆಯಬೇಡಿ.

ಹೋದ ವರ್ಷ ನಮ್ಮ ಊರಿನ ಗ್ರಾಮಸಭೆಯಲ್ಲಿ ಕಾಲುಸಂಕದ ವಿಷಯ ಬಂತು. ಮುಕ್ಕಾಲು ಗಂಟೆ ಚರ್ಚೆ, ಎರಡು ಜಗಳ, ಒಂದು ಸಂಧಾನ. ಕೊನೆಗೆ ಠರಾವು ಪುಸ್ತಕದಲ್ಲಿ ಬರೆದದ್ದು ಹೀಗೆ: “ಸದರಿ ಸಂಕವನ್ನು ಮಂಜೂರು ಮಾಡಿಸಿಕೊಡುವಂತೆ ಮಾನ್ಯ ಶಾಸಕರಲ್ಲಿ ವಿನಂತಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ನಾನೂ ಕೈ ಎತ್ತಿದ್ದೆ. ಈ ಸಲ ಮಿರ್ಗದ ಮಳೆ ಹಿಡಿಯುವ ಮೊದಲು ನಾವು ಏಳು ಜನ ಸೇರಿ ಎರಡು ಹೊಸ ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ್ದೇವೆ.